ವಿಜಯಪುರದ ಬಿಸಿಲಿಂದ ಕಣಕುಂಬಿಯ ಮಂಜಿಗೆ

ಬೆಳಗಾವಿ ಜಿಲ್ಲೆಯ ಘಟ್ಟದಂಚಿನ ಊರು ಕಣಕುಂಬಿಗೆ ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿದೆ. ಕರಾವಳಿಯ ಬಹುತೇಕ ಕಡೆ ಮಳೆ, ಉತ್ತರ ಒಳನಾಡಿನ ಕೆಲವು ಕಡೆ ಹಗುರದಿಂದ ಸಾಧಾರಣ ಮಳೆ, ಘಟ್ಟದಂಚಿನ ಒಂದೆರಡು ಕಡೆ ಭಾರಿ ಮಳೆ. ಈ ‘ಕೆಲವು ಕಡೆ’ ಸುಮ್ನೆ ಹೇಳುವ ಮಾತಲ್ಲ. ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ. 26ರಿಂದ 50ರಷ್ಟು ಕಡೆ ಮಳೆ ಬಿದ್ದರೆ ಇಲಾಖೆ ಹಾಗೆ ಬರೆಯುತ್ತದೆ. ಶೇ. 75 ದಾಟಿದರೆ ‘ಬಹುತೇಕ ಕಡೆ’. ಆದರೆ ಬೀದರ್, ವಿಜಯಪುರ, ಬೆಳಗಾವಿ ಎಲ್ಲವೂ ಒಂದೇ ಉತ್ತರ ಒಳನಾಡಿಗೆ ಸೇರಿವೆ. ಅಂದಮೇಲೆ ಆ ‘ಕೆಲವು’ ಎಲ್ಲಿ ಅನ್ನುವುದನ್ನು ದಾರಿಯಲ್ಲೇ ನೋಡಬೇಕು, ಅಲ್ವಾ?

ಪುನರ್ವಸು ಮಳೆಯ ದಿನಗಳು. ವಿಜಯಪುರದಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕಾಕಾ ಜೊತೆಗಿದ್ದರು. ಜಮಖಂಡಿಗೆ ಮೊದಲು ಕೃಷ್ಣೆ ದಾಟುವಾಗ ಗಾಡಿ ನಿಲ್ಲಿಸಿದೆವು. ತಲೆ ಮೇಲೆ ಒಂದು ಹನಿಯೂ ಇಲ್ಲ, ಕೆಳಗೆ ಮಾತ್ರ ಕೆಂಪು ನೀರು ದಡಕ್ಕೆ ತಾಗಿ ಹರಿಯುತ್ತಿತ್ತು. ಅದು ಕೃಷ್ಣೆ ಹುಟ್ಟುವ ಮಹಾರಾಷ್ಟ್ರದ ಮಹಾಬಳೇಶ್ವರದ ಕಡೆ ಸುರಿದ ಮಳೆ. ನಮ್ಮ ಬಯಲುಸೀಮೆಯ ಹೊಳೆ ತುಂಬಲು ನಮ್ಮಲ್ಲಿ ಮಳೆ ಆಗಲೇಬೇಕು ಅಂತಿಲ್ಲ.

ಮುಧೋಳದ ಕಬ್ಬಿನ ಹೊಲ, ಯರಗಟ್ಟಿ, ಎಲ್ಲ ಬೇಗ ದಾಟಿತು. ಬೆಳಗಾವಿಯಲ್ಲಿ ಜಿಟಿಜಿಟಿ ಶುರುವಾಯಿತು. ಜಾಂಬೋಟಿ ದಾಟಿದ ಮೇಲೆ ಗದ್ದೆಗಳಲ್ಲಿ ಮೊಣಕಾಲುದ್ದ ನೀರು, ಪ್ಲಾಸ್ಟಿಕ್ ಹೊದ್ದು ಬಗ್ಗಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು. ಕಾಕಾ ಬಹಳ ಹೊತ್ತು ನೋಡಿ, “ಇದರಾಗ ಅರ್ಧ ನಮ್ಮ ತೊಗರಿ ಹೊಲಕ್ಕ ಬಿದ್ದಿದ್ರ ಸಾಕಾಗಿತ್ತು” ಅಂದರು.

ಕಣಕುಂಬಿಯಲ್ಲಿ ಮಂಜು ರಸ್ತೆಗೇ ಇಳಿದಿತ್ತು. ಹತ್ತು ಮಾರು ದೂರದ ಮರ ಕಾಣುತ್ತಿರಲಿಲ್ಲ. ಚಹಾದಂಗಡಿಯ ತಗಡಿನ ಅಂಚಿನಲ್ಲಿ ಹನಿಗಳು ಸಾಲಾಗಿ ನಿಂತಿದ್ದವು. ಮಳೆ ಬರುತ್ತಿರಲಿಲ್ಲ, ಆದರೂ ತೋಳಿನ ಕೂದಲೆಲ್ಲ ಒದ್ದೆ. ಕಾಂದಾ ಭಜಿ ಕೊಡುತ್ತಾ ಅಂಗಡಿಯವರು ಹೇಳಿದರು: “ಗೋವಾ ಕಡಿ ಗಾಳಿ ಬಿಟ್ಟಾಗೆಲ್ಲ ಹಿಂಗರಿ. ಅರ್ಧ ತಾಸು ತಡೀರಿ, ಹೋಗತೈತಿ.” ಹಾಗೇ ಆಯಿತು. ಮಂಜು ಸರಿದು ಎಳೆಬಿಸಿಲು ಬಂತು, ಎದುರಿನ ಹಸಿರು ಗುಡ್ಡ ಪೂರ್ತಿ ಕಂಡಿತು. ಚಹಾ ಮುಗಿಯುವಷ್ಟರಲ್ಲಿ ಮತ್ತೆ ಧೋ ಅಂತ ಮಳೆ.

ಅರಬ್ಬಿ ಸಮುದ್ರದ ತೇವದ ಗಾಳಿ ಸಹ್ಯಾದ್ರಿ ಏರುತ್ತಾ ತಣ್ಣಗಾಗಿ ಇಲ್ಲೇ ಮಳೆ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಅದು ‘ಭಾರಿ ಮಳೆ’. ಅಂಥ ಹತ್ತು ದಿನ ಸಿಕ್ಕರೆ ವಿಜಯಪುರದ ವರ್ಷದ ಮಳೆಯೇ ಆದಂತೆ!

ಮಾವುಲಿ ದೇವಸ್ಥಾನಕ್ಕೂ ಹೋದೆವು. ಮಲಪ್ರಭೆ ಹುಟ್ಟುವುದು ಇಲ್ಲೇ. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ತುಂಬಿಸಿ, ಒಟ್ಟು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಬಾಗಲಕೋಟೆ ಕಡೆಯ ಎಷ್ಟೋ ಹೊಲಗಳಿಗೆ ಈ ಮಂಜಿನೂರಿನ ಮುನ್ಸೂಚನೆಯೇ ತಮ್ಮೂರಿನದಕ್ಕಿಂತ ಮುಖ್ಯ. ಕಾಕಾ ಆ ನೀರಿಗೆ ಕೈಮುಗಿದು ನಿಂತರು, ನಾನೂ ನಿಂತೆ.

ಜುಲೈನಲ್ಲಿ ಹೋಗುವವರು ಬೆಳಗಾವಿಯ ಜೊತೆ ಗೋವಾ ಮತ್ತು ಕರಾವಳಿಯ ಮುನ್ಸೂಚನೆಯನ್ನೂ ನೋಡಿಕೊಳ್ಳಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟ್ ಇಟ್ಟುಕೊಳ್ಳಿ. ಮುಂದೆ ಗೋವಾ ಕಡೆಗೆ ಚೋರ್ಲಾ ಘಟ್ಟ ಇಳಿಯುವುದಿದ್ದರೆ ಕತ್ತಲಾಗುವ ಮೊದಲೇ ಇಳಿಯಿರಿ.