ಅಣಬೆ ಮೇಲೆ ಕೂತ ನೊಣ ಯಾವುದು?

ಆಗುಂಬೆ ಅಂದ್ರೆ ಎಲ್ಲರಿಗೂ ಸೂರ್ಯಾಸ್ತ. ಜುಲೈನಲ್ಲಿ ಅಲ್ಲಿ ಸೂರ್ಯನೇ ಕಾಣಲ್ಲ, ಅಸ್ತ ಎಲ್ಲಿಂದ ಬರಬೇಕು! ನನಗೆ ಆ ವ್ಯೂ ಪಾಯಿಂಟಿನ ಗಲಾಟೆಗಿಂತ ಹೋಂಸ್ಟೇ ಹಿಂದಿನ ಬಿದ್ದ ಮರವೇ ಇಷ್ಟವಾಯಿತು. ಅದರ ತುಂಬ ತಟ್ಟೆಯಂಥ ಅಣಬೆಗಳು. ಅವುಗಳ ಅಡಿಯಲ್ಲಿ ಎರಡು ಮೂರು ಮಿಲಿಮೀಟರಿನ ಕಪ್ಪು ನೊಣಗಳು.

"ಬಾಳೆಹಣ್ಣಿಗೆ ಮುತ್ತೋ ನೊಣ ಅಲ್ವಾ?" ಅಂದೆ. ಜೊತೆಗಿದ್ದ ಗೆಳೆಯ ನೊಣಗಳನ್ನೇ ಓದಿದವನು.

"ಕುಟುಂಬ ಅದೇ, ಡ್ರೊಸೊಫಿಲಿಡೆ. ಆದ್ರೆ ಕೆಂಪು ಕಣ್ಣು ಕಂಡ ಕೂಡಲೇ ಹೆಸರು ಹೇಳ್ಬೇಡ. ರೆಕ್ಕೆ ನೋಡು."

ಮ್ಯಾಕ್ರೋ ಲೆನ್ಸಲ್ಲಿ ತೆಗೆದ ಫೋಟೋ ಹಿಗ್ಗಿಸಿದ. ರೆಕ್ಕೆಯ ಮುಂದಿನ ಅಂಚಲ್ಲಿ ಒಂದು ಕಡೆ ಆಳವಾದ ಕಚ್ಚು. ಅದರ ಬಾಯಲ್ಲಿ ಕಿವಿಯ ಹಾಲೆಯಂಥ ಕಡುಗಪ್ಪು ಪುಟ್ಟ ಚಾಚು. ಬೆನ್ನು ಉಬ್ಬಿ, ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.

"ಮೈಕೊಡ್ರೊಸೊಫಿಲ ಅನ್ನೋ ಕುಲದ್ದು. ಅಣಬೇಲೇ ಮೊಟ್ಟೆ, ಅಣಬೇಲೇ ಮರಿ."

"ಅದರಲ್ಲಿ ಯಾವ ಜಾತಿ?"

"ಫೋಟೋದಲ್ಲಿ ಆಗಲ್ಲ. ಗಂಡು ನೊಣ ಬೇಕು, ಹೊಟ್ಟೆ ತುದಿ ಬಿಡಿಸಿ ಮೈಕ್ರೋಸ್ಕೋಪ್ ಕೆಳಗೆ ಇಡಬೇಕು."

ಮಳೆ ಜೋರಾಗುತ್ತಿದ್ದರೂ ಏಳಲು ಮನಸ್ಸಿಲ್ಲ. ಗೂನು ಬೆನ್ನಿನ ಇನ್ನೊಂದು, ತಟಕ್ಕನೆ ಓಡಿ ನಿಂತು ಮತ್ತೆ ಓಡುತ್ತಿತ್ತು. ಅದು ಫೋರಿಡ್ ಅನ್ನೋ ಬೇರೆ ಕುಟುಂಬದ ನೊಣ. ಸೊಳ್ಳೆಯ ಹಾಗೆ ಸಪೂರ ಕಾಲಿನ, ಕಾಲಿನ ಬುಡದ ತುಂಡು ಉದ್ದಕ್ಕಿರುವ ಮತ್ತೊಂದು ಮೈಸೆಟೊಫಿಲಿಡ್, ಅದೂ ಇನ್ನೊಂದು ಕುಟುಂಬ. ಈ ಗುಂಪಿನ ಹೆಚ್ಚಿನವುಗಳ ಮರಿಗಳೂ ಅಣಬೆ ತಿಂದೇ ಬೆಳೆಯುತ್ತವೆ. ಪಕ್ಕದ ಅಭಯಾರಣ್ಯಕ್ಕೂ ಹೋಗಿದ್ದೆವು, ಆದರೆ ಅದರೊಳಗೆ ಕೀಟ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಅಲ್ಲಿ ಸುಮ್ನೆ ನೋಡಿ ಬಂದೆವು.

ಈಗ ಸಿಟ್ಟಿನ ಮಾತು. 'ನೀರು ಒಂದು ಹನಿಯೂ ಹೋಗಲ್ಲ' ಅಂತ ಅಂಗಡಿಯವರು ಆಣೆ ಇಟ್ಟು ಮಾರಿದ ಕ್ಯಾಮೆರಾ ಕವರು ಹೊಲಿಗೆಯಲ್ಲೇ ಸೋರಿ, ಲೆನ್ಸ್ ಒಳಗೆ ಮಂಜು ಕಟ್ಟಿತು. ನೀವು ಹೋದರೆ ಬಿಗಿ ಮುಚ್ಚಳದ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಇಟ್ಟುಕೊಳ್ಳಿ. ಇಂಬಳಕ್ಕೆ ಉದ್ದ ಸಾಕ್ಸ್ ಇರಲಿ.

ರಾತ್ರಿ ಹೋಂಸ್ಟೇ ಅಕ್ಕ ನೀರುದೋಸೆ ಹಾಕುತ್ತಾ ಕೇಳಿದರು, "ಅಷ್ಟು ಹೊತ್ತು ಅಲ್ಲಿ ಎಂಥ ನೋಡಿದ್ರಿ?"

"ಅಣಬೆ ನೊಣ ಅಕ್ಕಾ."

"ಅಯ್ಯೋ ಮಾರಾಯ್ರೆ, ಅದು ತಿನ್ನೋ ಅಣಬೆಯೇ ಅಲ್ಲ! ಒಳ್ಳೇದು ಬೇಕಿದ್ರೆ ನಾಳೆ ಹುತ್ತದ ಹತ್ರ ಹೋಗಿ. ನೊಣ ಮುತ್ತೋಕೆ ಮುಂಚೆ ಎದ್ದು ಹೋಗಬೇಕು ಮತ್ತೆ."

ಗೆಳೆಯ ಆಗಲೇ ಟಾರ್ಚ್ ಚಾರ್ಜಿಗೆ ಹಾಕಿದ್ದ.