ಎಕ್ಸ್‌ರೇ ಬೆಳ್ಳಿ: ಕಾಸ್ಟಿಕ್‌ಗೆ ಜಗ್ಗದ ಮೂಟೆ

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಹಳೇ ಎಕ್ಸ್‌ರೇ ಫಿಲ್ಮ್ ಮೂಟೆ ನಿನ್ನೆ ರಾತ್ರಿ ಬಾಯಿ ಬಿಟ್ಟಿತು. 2.3 ಗ್ರಾಂ ಬೆಳ್ಳಿ, ಕಡಲೆಕಾಳಿನಷ್ಟು ಗುಂಡು. ಹೆಂಡತಿ ನೋಡಿ, "ಒಂದು ಕಾಲುಂಗುರಕ್ಕೂ ಸಾಲಲ್ಲ" ಎಂದಳು.

ಫಿಲ್ಮ್‌ನಿಂದ ಬೆಳ್ಳಿ ತೆಗೆಯೋಕೆ ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಕಪ್ಪು ಗಸಿ ಸೋಸಿ, ಬಿಳಿಗಾರ ಹಾಕಿ ಮೂಸೆಗೆ ಇಡೋದು ನಿಮಗೆಲ್ಲ ಗೊತ್ತೇ ಇದೆ. ಹೋದ ಸಲ ಹಾಗೇ ಮಾಡಿ ಕಿಲೋಗೆ 8 ಗ್ರಾಂ ತೆಗೆದಿದ್ದೆ. ಆ ಜಂಬದಲ್ಲಿ ಈ ಸಲ ಗುಜರಿಯವನಿಂದ 12 ಕಿಲೋ ತಂದೆ. "ಎಲ್ಲಾ ಆಸ್ಪತ್ರೆ ಮಾಲು ಸಾರ್, ಒಂದೇ ಕ್ವಾಲಿಟಿ" ಅಂದ. ತೂಕ ಹಾಕುವಾಗ ಮೂಟೆ ಯಾಕೆ ಒದ್ದೆ ಇತ್ತು ಅಂತ ಮಾತ್ರ ಹೇಳಲಿಲ್ಲ.

ಅರ್ಧ ಗಂಟೆ ಕುದಿಸಿದೆ. ಯಾರದೋ ಮಂಡಿಚಿಪ್ಪು ಫಿಲ್ಮ್ ಮೇಲೆ ಹಾಗೇ ಕೂತಿತ್ತು. ಕಾಸ್ಟಿಕ್ ಎರಡು ಪಟ್ಟು ಮಾಡಿದೆ. ಹಾಳಾಗಿದ್ದು ನನ್ನ ಗ್ಲೌಸ್ ಮಾತ್ರ.

ಸುಳಿವು ಕೊಟ್ಟಿದ್ದು ಇಸ್ತ್ರಿ ಪೆಟ್ಟಿಗೆ. ಸುರುಟಿದ ಹಾಳೆ ನೆಟ್ಟಗೆ ಮಾಡೋಣ ಅಂತ ಬಟ್ಟೆ ಮಧ್ಯೆ ಇಟ್ಟು ಒತ್ತಿದೆ. ತಿಳಿಯಾಗಿದ್ದ ಜಾಗವೂ ಕಪ್ಪಾಯಿತು! ಆಗ ಹೊಳೆಯಿತು, ಇದು ಡ್ರೈ ಲೇಸರ್ ಫಿಲ್ಮ್. ಫಿಲ್ಮ್ ತೊಳೆಯುವ ಡೆವಲಪರ್, ಫಿಕ್ಸರ್ ರಾಸಾಯನಿಕ ಏನೂ ಬೇಡ, ಸುಮಾರು 120 ಡಿಗ್ರಿ ಶಾಖಕ್ಕೇ ಚಿತ್ರ ಮೂಡುತ್ತದೆ. ಫಿಕ್ಸರ್‌ನಲ್ಲಿ ತೊಳೆದು ಹೋಗುವ ಮಾತಿಲ್ಲ, ಹಾಗಾಗಿ ತಿಳಿ ಭಾಗದಲ್ಲೂ ಬೆಳ್ಳಿ ಇರುತ್ತದೆ. ಆದರೆ ಅದನ್ನು ಹಿಡಿದಿರೋದು ಮಾಮೂಲಿ ಫಿಲ್ಮ್‌ನ ಹಾಗೆ ಕಾಸ್ಟಿಕ್‌ಗೆ ಕರಗುವ ಜಿಲೆಟಿನ್ ಅಲ್ಲ, ಪಾಲಿವಿನೈಲ್ ಬ್ಯುಟಿರಾಲ್ ಅನ್ನೋ ಪ್ಲಾಸ್ಟಿಕ್. ಕಾರಿನ ಮುಂದಿನ ಗಾಜಿನ ಎರಡು ಪದರಗಳ ಮಧ್ಯೆ ಇರುತ್ತಲ್ಲ, ಅದೇ. ಅದಕ್ಕೆ ಕಾಸ್ಟಿಕ್ ಯಾವ ಲೆಕ್ಕ?

ಬೆಳ್ಳಿ ಹೆಚ್ಚಾಗಿ ಇರೋದೂ ಬೆಹೆನೇಟ್ ಆಗಿ, ಒಂಥರಾ ಬೆಳ್ಳಿಯ ಸೋಪು. ಬೆಹೆನಿಕ್ ಆಮ್ಲಕ್ಕೆ ಹೆಸರು ಬಂದಿದ್ದು ನುಗ್ಗೆ ಬೀಜದ ಎಣ್ಣೆಯಿಂದ. ಸಾಂಬಾರಿನ ನುಗ್ಗೆಕಾಯಿ ಎಲ್ಲಿಗೆ ಬಂತು ನೋಡಿ!

ಅಂದಹಾಗೆ, ಹಳೇ ಕೀಬೋರ್ಡ್ ಒಳಗಿನ ಪ್ಲಾಸ್ಟಿಕ್ ಹಾಳೆಯ ಗೆರೆಗಳೂ ಬೆಳ್ಳಿ ಶಾಯಿಯವೇ ಅಲ್ವಾ? ಅಟ್ಟದ ಮೇಲೆ ಮೂವತ್ತು ಸೇರಿಸಿಟ್ಟಿದ್ದೇನೆ. ಮುಂದಿನ ಸರದಿ ಅವುಗಳದು.

ಫಿಲ್ಮ್‌ಗೆ ಬರೋಣ. ಅಸಿಟೋನ್‌ಗೆ ಪದರ ಉಬ್ಬಿತು, ಬಿಡಲಿಲ್ಲ. ಎಂಇಕೆ (ಮೀಥೈಲ್ ಈಥೈಲ್ ಕೀಟೋನ್, ಅಸಿಟೋನ್ ಥರದ್ದೇ ದ್ರಾವಕ) ಹಾಕಿದ ಐದೇ ನಿಮಿಷಕ್ಕೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಪೂರ್ತಿ ಕರಗೋಕೆ ಬಿಡದೆ ಸಿಪ್ಪೆ ಎತ್ತಿಬಿಟ್ಟರೆ ಅದೇ ದ್ರಾವಣ ಮತ್ತೆ ಬಳಸಬಹುದು. ಇದು ಮುಖ್ಯ, ಯಾಕೆಂದರೆ ಅಂಗಡಿಯವ ಐದು ಲೀಟರ್‌ಗಿಂತ ಕಡಿಮೆ ಕೊಡಲ್ಲ, ಅಳೆದರೆ ನಾಲ್ಕೂವರೆ ಇರುತ್ತೆ.

ಮೊದಲ ಸಿಪ್ಪೆಯನ್ನು ನೇರ ಮೂಸೆಗೆ ಹಾಕಿದ್ದು ದಡ್ಡತನ. ಹಾಲು ಉಕ್ಕಿದ ಹಾಗೆ ಉಕ್ಕಿ, ಅರ್ಧ ಒಲೆ ಪಾಲಾಯಿತು. ಎರಡನೇ ಸಲ ಎಂಇಕೆ ವಾಸನೆ ಪೂರ್ತಿ ಹೋಗುವ ತನಕ ಎರಡು ದಿನ ಬಿಸಿಲಿಗೆ ಒಣಗಿಸಿದೆ. ಆಮೇಲೆ ತಾರಸಿಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ನಿಧಾನಕ್ಕೆ ಸುಟ್ಟು ಬೂದಿ ಮಾಡಿದೆ. ಆರಿದ ಮೇಣದಬತ್ತಿಯ ವಾಸನೆ. ಕೆಳಮನೆ ಅಜ್ಜಿ ಗಾಬರಿಯಿಂದ "ಯಾರ ಮನೇಲಿ ದೀಪ ಆರಿತು?" ಅಂತ ಕೇಳಿದರು. ಬೂದಿಗೆ ಬಿಳಿಗಾರ, ಜೊತೆಗೆ ಒಂದಿಷ್ಟು ಬೆಳ್ಳಿ ಬ್ರೋಮೈಡ್ ಇರುತ್ತೆ, ಅದರಿಂದ ಬೆಳ್ಳಿ ಬಿಡಿಸೋಕೆ ಅಂತ ಸೋಡಾ ಆಶ್. 400 ಗ್ರಾಂ ಫಿಲ್ಮ್‌ಗೆ ಆ ಕಡಲೆಕಾಳು. ಎಂಇಕೆ ಖರ್ಚು ಕೇಳಬೇಡಿ.

ಉಳಿದ ಹನ್ನೊಂದೂವರೆ ಕಿಲೋ ಈಗ ವಿಂಗಡಿಸುತ್ತಿದ್ದೇನೆ. ಪ್ರತಿ ಹಾಳೆಯ ತಿಳಿ ಮೂಲೆಗೆ ಇಸ್ತ್ರಿ ಒತ್ತೋದು, ಕಪ್ಪಾದರೆ ಎಂಇಕೆ ಗುಡ್ಡೆ, ಆಗದಿದ್ದರೆ ಕಾಸ್ಟಿಕ್ ಗುಡ್ಡೆ. ಮಧ್ಯೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿದವೂ ಸಿಕ್ಕವು, ಅವುಗಳಲ್ಲಿ ಬೆಳ್ಳಿಯೇ ಇಲ್ಲ. ಒಂದೇ ಕ್ವಾಲಿಟಿಯಂತೆ! ನಾಳೆ ಮಗನ ಯೂನಿಫಾರ್ಮ್‌ಗೆ ಇಸ್ತ್ರಿ ಬೇಕಂತೆ, ಆರು ಗಂಟೆಯೊಳಗೆ ಪೆಟ್ಟಿಗೆಯ ತಳ ಉಜ್ಜಬೇಕು.