ಮಳೆ ಲೆಕ್ಕದ ಆ್ಯಪ್: ಚಾಟ್ ಎಲ್ಲಿಯ ತನಕ, ಮೇಲ್ ಎಲ್ಲಿಂದ

ಈ ಸಲ ಕೋಡ್‌ಗಿಂತ ಜಾಸ್ತಿ ತಿದ್ದಿದ್ದು ನಾವು ಮಾತಾಡುವ ಕ್ರಮವನ್ನು. ಹೊಸಬರಿಗೆ ಹೇಳಬೇಕೆಂದರೆ, ನಮ್ಮದು ಸಣ್ಣ ಓಪನ್ ಸೋರ್ಸ್ ಆ್ಯಪ್, ಅಂದರೆ ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು. ಅಂಗಳದ ಮಳೆಮಾಪಕದಲ್ಲಿ ದಿನಾ ನೋಡಿದ ಮಳೆಯನ್ನು ತೋಟದ ಮನೆಯವರು ಬರೆದಿಡುವುದಕ್ಕೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಅಲ್ಲೊಬ್ಬರು ಇಲ್ಲೊಬ್ಬರು ಸೇರಿ ಬಿಡುವಿನಲ್ಲಿ ಮಾಡುತ್ತಿದ್ದೇವೆ. ಒಬ್ಬರು ಕೊಪ್ಪದವರು, ಈಗ ಇರುವುದು ಜರ್ಮನಿಯಲ್ಲಿ.

ಭಾನುವಾರ ರಾತ್ರಿ ಒಂಬತ್ತಕ್ಕೆ ಮ್ಯಾಟ್ರಿಕ್ಸ್ ಅನ್ನುವ ಚಾಟ್ ವ್ಯವಸ್ಥೆಯಲ್ಲಿ ಮೀಟಿಂಗ್, ಉಳಿದದ್ದಕ್ಕೆ ಮೇಲಿಂಗ್ ಲಿಸ್ಟ್, ಅಂದರೆ ಒಬ್ಬರು ಬರೆದರೆ ಎಲ್ಲರಿಗೂ ಹೋಗುವ ಮೇಲ್. ಹೇಳಿಕೊಳ್ಳುವುದಕ್ಕೆ ಹೀಗೆ. ನಡೆಯುತ್ತಿದ್ದದ್ದು ಬೇರೆ. ತೀರ್ಮಾನ ಎಲ್ಲ ಚಾಟ್‌ನಲ್ಲೇ ಮುಗಿದು, ಲಿಸ್ಟ್‌ಗೆ "ಎಲ್ಲರಿಗೂ ಗೊತ್ತಿರಲಿ" ಅಂತ ಒಂದು ಸಾಲು ಬೀಳುತ್ತಿತ್ತು, ಅಷ್ಟೇ.

ಇದು ಸಾಲದು ಅಂತ ಗೊತ್ತಾಗಿದ್ದು ತಾರೀಖಿನ ವಿಷಯದಲ್ಲಿ. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ಅದರ ಹಿಂದಿನ 24 ಗಂಟೆಯ ಮಳೆಯನ್ನು ಆ ಬೆಳಗಿನ ತಾರೀಖಿಗೆ ಬರೆಯುತ್ತಾರೆ. ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ, ಅದು ಸರಿಯಾಗಿ 3:00 ಗಂಟೆ, ಕೋಡ್ ಬರೆಯುವವರಿಗೂ ಸಲೀಸು. ಆ್ಯಪ್‌ನಲ್ಲೂ ಹಾಗೇ ಇರಲಿ ಅಂತ ಮೀಟಿಂಗ್‌ಗೆ ಬಂದವರೆಲ್ಲ ಅಲ್ಲೇ ಒಪ್ಪಿಬಿಟ್ಟರು. ಅವತ್ತು ಹೊಸನಗರದ ಕಡೆ ಸಂಜೆಯಿಂದ ಕರೆಂಟ್ ಇರಲಿಲ್ಲ, ಟವರೂ ಹೋಗಿತ್ತು. ಅಲ್ಲಿನ ಮೇಷ್ಟ್ರು ಬರಲಿಲ್ಲ. ವರ್ಷಗಟ್ಟಲೆ ಮಳೆ ಡೈರಿ ಬರೆದಿಟ್ಟವರು ನಮ್ಮ ಪೈಕಿ ಅವರೊಬ್ಬರೇ!

ಸಿಗ್ನಲ್ ಬಂದ ಮೇಲೆ ಅವರ ಉದ್ದದ ಮೇಲ್ ಬಂತು. "ನಾವು ಬೆಳಿಗ್ಗೆ ಎದ್ದು ಮಾಪಕ ನೋಡ್ತೇವೆ. ನಿನ್ನೆ ಬಿದ್ದ ಮಳೆ ಅಂತ ನಿನ್ನೆ ತಾರೀಖಿಗೇ ಬರೀತೇವೆ. ಹಳೇ ಡೈರಿ ಹಂಗೇ ಏರಿಸಿದ್ರೆ ಇಲಾಖೆ ಲೆಕ್ಕಕ್ಕೂ ನಮ್ಮದಕ್ಕೂ ಒಂದು ದಿನ ವ್ಯತ್ಯಾಸ ಬರ್ತದೆ." ಜೊತೆಗೆ ಡೈರಿಯ ಒಂದು ಪುಟದ ಫೋಟೋ. ನೀಲಿ ಇಂಕು, ಮೂಲೆಯಲ್ಲಿ ಒದ್ದೆ ಬೆರಳಿನ ಗುರುತು, ಮಿಲಿಮೀಟರ್ ಎಲ್ಲ ಕನ್ನಡ ಅಂಕಿಯಲ್ಲಿ. ಒಂದು ಸಾಲಿನ ಪಕ್ಕ "ಔಷಧಿ ಹೊಡೆಯಲು ಆಗಲಿಲ್ಲ" ಅಂತ ಬರೆದಿತ್ತು.

ಒಂದು ದಿನ ಆಚೀಚೆ ಆದರೆ ಏನು ಮಹಾ ಅನ್ನಬಹುದು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ದಿನವೇ ಮಳೆ ಬಂತೋ, ಮರುದಿನ ಬಂತೋ ಅನ್ನುವುದು ಕೊಳೆ ರೋಗ ಕಂಡ ತೋಟದವರಿಗೆ ಸಣ್ಣ ವಿಷಯ ಅಲ್ಲ.

ಮೇಲ್‌ನಲ್ಲೇ ಚರ್ಚೆ ನಡೆಯಿತು. ಒಬ್ಬೊಬ್ಬರೂ ಮೇಷ್ಟ್ರ ಆಯಾ ಸಾಲಿನ ಕೆಳಗೇ ಉತ್ತರ ಬರೆದರು, ಮಾತು ಎಲ್ಲೂ ತಪ್ಪಿಹೋಗಲಿಲ್ಲ. ಈಗ ಆ್ಯಪ್ ಮಾಪಕ ನೋಡಿದ ಸಮಯವನ್ನು ಇಟ್ಟುಕೊಳ್ಳುತ್ತದೆ. ಹಳೇ ಡೈರಿ ಏರಿಸುವಾಗ ಮಾತ್ರ "ಇದು ನೋಡಿದ ತಾರೀಖೋ, ಬಿದ್ದ ತಾರೀಖೋ" ಅಂತ ಕೇಳುತ್ತದೆ.

ಕ್ರಮವನ್ನೂ ಬದಲಾಯಿಸಿದೆವು. ಮಾತು ಚಾಟ್‌ನಲ್ಲಿ ಆಗಲಿ, ತೀರ್ಮಾನ ಮಾತ್ರ ಲಿಸ್ಟ್‌ಗೆ ಬಂದು ಅಲ್ಲಿ ಕೆಲವು ದಿನ ಇರಬೇಕು. ಅಪಾಚೆ ಅನ್ನುವ ದೊಡ್ಡ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟ್‌ಗಳಲ್ಲಿ ವೋಟಿಗೆ ಕನಿಷ್ಠ 72 ಗಂಟೆ ಕೊಡುವ ರೂಢಿ ಇದೆ, ಬೇರೆ ಬೇರೆ ದೇಶದವರಿಗೆಲ್ಲ ನೋಡಲು ಸಮಯ ಸಿಗಲಿ ಅಂತ. ನಮಗೆ ದೇಶಕ್ಕಿಂತ ಮಳೆಯದೇ ತೊಂದರೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ವಾರ ಅಂತ ಮಾಡಿಕೊಂಡೆವು. ಅಲ್ಲಿನ ಇನ್ನೊಂದು ಪದ್ಧತಿ, ಯಾರೂ ಬೇಡ ಅನ್ನದಿದ್ದರೆ ಒಪ್ಪಿದ ಹಾಗೆ ಅನ್ನುವುದು, ನನಗೆ ಪೂರ್ತಿ ಹಿಡಿಸಲಿಲ್ಲ. ಮಲೆನಾಡಿನಲ್ಲಿ ಸುಮ್ನೆ ಇದ್ದಾರೆ ಅಂದರೆ ಕರೆಂಟ್ ಇಲ್ಲ ಅಂತಲೂ ಅರ್ಥ, ಅಲ್ವಾ? ಮೀಟಿಂಗ್‌ಗೆ ಬರದ ಒಬ್ಬರಾದರೂ "ಸರಿ" ಅಂತ ಬರೆಯಲೇಬೇಕು ಅಂತ ಸೇರಿಸಿದ್ದೇವೆ.

ಮೀಟಿಂಗ್ ಟಿಪ್ಪಣಿಗೆ ಒಂದು ಬಾಟ್ ಇದೆ, ಚಾಟ್‌ನಲ್ಲಿ ತಾನಾಗಿಯೇ ಕೆಲಸ ಮಾಡುವ ಪ್ರೋಗ್ರಾಂ. ಡೆಬಿಯನ್ ಅನ್ನುವ ಲಿನಕ್ಸ್ ಮಾಡುವವರು ಐಆರ್‌ಸಿ ಎಂಬ ಹಳೇ ಚಾಟ್‌ನಲ್ಲಿ ಬಳಸುವ ಮೀಟ್‌ಬಾಟ್ ನೋಡಿ ಬರೆದದ್ದು. ಒಪ್ಪಿದ ಸಾಲುಗಳನ್ನೂ, ಯಾರಿಗೆ ಯಾವ ಕೆಲಸ ಅನ್ನುವುದನ್ನೂ ಹೆಕ್ಕಿ ಲಿಸ್ಟ್‌ಗೆ ಕಳಿಸುತ್ತದೆ. ಇನ್ನೂ ಸ್ವಲ್ಪ ಕುಂಟುತ್ತಿದೆ.

ಹಾಗಂತ ಚಾಟ್ ಬಿಡುವ ಮಾತೇ ಇಲ್ಲ. ಶಿವಮೊಗ್ಗದ ಒಬ್ಬಳು ಇಂಜಿನಿಯರಿಂಗ್ ಹುಡುಗಿ ಲಿಸ್ಟ್‌ಗೆ ಬರೆಯಲು ಸಂಕೋಚಪಟ್ಟು ಸುಮ್ಮನಿದ್ದವಳು, ಚಾಟ್‌ನಲ್ಲಿ "ಅಣ್ಣಾ, ೧೨ ಅಂತ ಹಾಕಿದ್ರೆ ಯಾಕೆ ತಗೊಳ್ತಿಲ್ಲ?" ಅಂತ ಕೇಳಿದಳು. ಸ್ಕ್ರೀನ್‌ಶಾಟ್ ಅತ್ತಿತ್ತ ಹೋಗಿ ಅವತ್ತೇ ಸಿಕ್ಕಿತು. ಸರ್ವರ್‌ನ ಪೈಥಾನ್ ಕನ್ನಡ ಅಂಕಿಯನ್ನು ಸಂಖ್ಯೆ ಅಂತಲೇ ತೆಗೆದುಕೊಳ್ಳುತ್ತದೆ. ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಮಾತ್ರ ಅದೇ ೧೨ ನೋಡಿ ಸಂಖ್ಯೆಯೇ ಅಲ್ಲ ಅನ್ನುತ್ತದೆ. ಫಾರಂ ಅಲ್ಲೇ ತಡೆಯುತ್ತಿತ್ತು. ಇದೇ ಪ್ರಶ್ನೆ ಮೇಲ್‌ನಲ್ಲಿ ಬಂದಿದ್ದರೆ "ಯಾವ ಬ್ರೌಸರ್?" ಅಂತ ಕೇಳುವುದರಲ್ಲೇ ವಾರ ಕಳೆಯುತ್ತಿತ್ತು. ಸರಿಮಾಡುವ ಕೋಡ್ (ಪ್ಯಾಚ್) ಅವಳೇ ಕಳಿಸಿದಳು, ಸೇರಿಸಿದ್ದೇವೆ.

ಸದ್ಯ ಲಿಸ್ಟ್‌ನಲ್ಲಿ ಬಾಕಿ ಇರುವುದು ಒಂದೇ ಪ್ರಶ್ನೆ. ಎರಡು ದಿನ ಮಾಪಕ ನೋಡದೆ ಒಟ್ಟಿಗೆ ಅಳೆದರೆ ಏನು ಮಾಡುವುದು? ಸಾಗರದವರು ಅರ್ಧ ಅರ್ಧ ಹಂಚೋಣ ಅನ್ನುತ್ತಾರೆ. ಮೇಷ್ಟ್ರು ಬೇಡವೇ ಬೇಡ ಅನ್ನುತ್ತಾರೆ. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಇಲಾಖೆಯವರು ಮಳೆ ದಿನ ಅಂತ ಎಣಿಸುತ್ತಾರೆ. ಹಂಚಿಬಿಟ್ಟರೆ ಒಣ ದಿನವೂ ಮಳೆ ದಿನ ಆಗಬಹುದು. ನಾನು ಮೇಷ್ಟ್ರ ಕಡೆ. ಭಾನುವಾರ ಇದನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಡೈರಿ ಬರೆಯುವವರು ಬನ್ನಿ. ಬರಲು ಆಗದಿದ್ದರೆ ಅದರ ಮುಂದಿನ ಭಾನುವಾರದ ತನಕ ಮೇಲ್ ಹಾಕಬಹುದು.